ಗೆದ್ದ ಮೇಲೇನು? ವಿಜ್ಞಾನ ಕಥಾಚಿತ್ರಗಳ ಎರಡನೇ ಭಾಗದ ಬಗ್ಗೆ ಒಂದು ಸಮೀಕ್ಷೆ

ವೀರರಿಗೆ ಪದಕ ತೊಡಿಸುವುದರೊಂದಿಗೆ 'ಸ್ಟಾರ್ ವಾರ್ಸ್' (1977) ಮುಗಿದಿತ್ತು. ಅದರ ಮುಂದಿನ ಭಾಗ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' 1980ರ ಮೇ ತಿಂಗಳಲ್ಲಿ ತೆರೆಗೆ ಬಂದಾಗ, ಹಿಂದಿನ ಚಿತ್ರ ಕೊಟ್ಟಿದ್ದ ಸಂತೋಷವನ್ನೆಲ್ಲ ಒಂದೊಂದಾಗಿ ಕಿತ್ತುಕೊಂಡಿತು. ಗೆದ್ದ ಬಂಡಾಯಗಾರರು ಹಿಮದ ಗ್ರಹವೊಂದರಲ್ಲಿ ತಲೆಮರೆಸಿಕೊಂಡಿದ್ದಾರೆ, ಅಲ್ಲಿಂದಲೂ ಓಡಬೇಕಾಗುತ್ತದೆ. ನಾಯಕ ಗುರುವಿನ ಮಾತು ಮೀರಿ ಹೋಗಿ ಕೈ ಕಳೆದುಕೊಳ್ಳುತ್ತಾನೆ, ಗೆಳೆಯ ಸೆರೆಯಾಗುತ್ತಾನೆ, ತಂದೆಯನ್ನು ಕೊಂದವನೆಂದು ನಂಬಿದ್ದ ವೈರಿಯೇ ತನ್ನ ತಂದೆಯೆಂದು ಗೊತ್ತಾಗುತ್ತದೆ. ಕಥೆ ಸೋಲಿನಲ್ಲೇ ನಿಲ್ಲುತ್ತದೆ. ಬಿಡುಗಡೆಯಾದಾಗ ವಿಮರ್ಶಕರಲ್ಲಿ ಒಮ್ಮತವಿರಲಿಲ್ಲ, 'ನ್ಯೂಯಾರ್ಕ್ ಟೈಮ್ಸ್'ನ ವಿನ್ಸೆಂಟ್ ಕ್ಯಾನ್ಬಿ ಅದನ್ನು ಮೆಚ್ಚಲಿಲ್ಲ. ಆದರೆ ಆ ಸರಣಿಯ ಅತ್ಯುತ್ತಮ ಚಿತ್ರ ಯಾವುದೆಂದು ಇಂದು ಕೇಳಿದರೆ ಹೆಚ್ಚಿನವರು ಹೆಸರಿಸುವುದು ಅದನ್ನೇ. ಇನ್ನೊಂದು ಕಡೆ 'ಇಂಡಿಪೆಂಡೆನ್ಸ್ ಡೇ: ರಿಸರ್ಜೆನ್ಸ್' (2016) ಇಪ್ಪತ್ತು ವರ್ಷಗಳ ನಂತರ ಅದೇ ಶತ್ರುವನ್ನು, ಹಲವು ಪಟ್ಟು ದೊಡ್ಡ ನೌಕೆಯಲ್ಲಿ ಕೂರಿಸಿ ಕರೆತಂದಿತು. ಜಗತ್ತಿನಾದ್ಯಂತ ಅದರ ಗಳಿಕೆ ಮೊದಲ ಚಿತ್ರದ ಅರ್ಧವನ್ನೂ ಮುಟ್ಟಲಿಲ್ಲ.

ಈ ಎರಡು ತುದಿಗಳ ನಡುವೆ ಇರುವುದು ಸಿನಿಮಾ ಲೋಕದ ಹಳೆಯ ಚರ್ಚೆ. ಬೃಹತ್ ವಿಜ್ಞಾನ ಕಥಾಚಿತ್ರವೊಂದರ ಮುಂದುವರಿದ ಭಾಗ ಯಾವುದರಿಂದ ಗೆಲ್ಲುತ್ತದೆ? ಪತ್ತೇದಾರಿ ಚಿತ್ರಕ್ಕೋ ಹಾಸ್ಯಚಿತ್ರಕ್ಕೋ ಈ ಪ್ರಶ್ನೆ ಇಷ್ಟು ಬಿಗಿಯಾಗಿರುವುದಿಲ್ಲ, ಏಕೆಂದರೆ ಅಲ್ಲಿ ಹೊಸ ಕೊಲೆ ಅಥವಾ ಹೊಸ ಫಜೀತಿ ಸಿಕ್ಕರೆ ಸಾಕು. ವಿಜ್ಞಾನ ಕಥೆಯ ಮೊದಲ ಚಿತ್ರ ಮಾಡುವ ಮುಖ್ಯ ಕೆಲಸವೇ ಹಿಂದೆಂದೂ ಕಾಣದ ಲೋಕವನ್ನು ಕಾಣಿಸುವುದು. ಆ ಬೆರಗು ಒಂದೇ ಸಲ ಹುಟ್ಟುವಂಥದ್ದು. ಎರಡನೇ ಚಿತ್ರಕ್ಕೆ ಪ್ರೇಕ್ಷಕ ಬರುವಾಗ ಆ ಲೋಕದ ದಾರಿ ಅವನಿಗೆ ಆಗಲೇ ಗೊತ್ತಿರುತ್ತದೆ. ಕಳೆದುಹೋದ ಬೆರಗಿನ ಜಾಗದಲ್ಲಿ ಏನನ್ನಿಡಬೇಕು ಎಂಬುದಕ್ಕೆ ಹುಟ್ಟಿಕೊಂಡ ಉತ್ತರಗಳೇ ಇಲ್ಲಿ ಪರಿಶೀಲಿಸಲಿರುವ ವಾದಗಳು.

ಯಾವ ಗೆಲುವು?

ಮೊದಲು ಅಳತೆಗೋಲನ್ನು ಇತ್ಯರ್ಥ ಮಾಡಿಕೊಳ್ಳಬೇಕು, ಏಕೆಂದರೆ ಈ ಚರ್ಚೆಯ ಅರ್ಧ ಗೊಂದಲ ಹುಟ್ಟುವುದು ಅಲ್ಲೇ. ಗಲ್ಲಾಪೆಟ್ಟಿಗೆಯ ಗೆಲುವು ಒಂದು, ವಿಮರ್ಶಕರ ಮೆಚ್ಚುಗೆ ಇನ್ನೊಂದು, ವರ್ಷಗಳುರುಳಿದ ಮೇಲೂ ಜನ ಮತ್ತೆ ಮತ್ತೆ ನೋಡುವ ಬಾಳಿಕೆ ಮೂರನೆಯದು. 'ಅವತಾರ್: ದಿ ವೇ ಆಫ್ ವಾಟರ್' (2022) ಸುಮಾರು 230 ಕೋಟಿ ಡಾಲರ್ ಗಳಿಸಿತು. ಡೆನಿ ವಿಲ್ನವ್ ಅವರ 'ಬ್ಲೇಡ್ ರನ್ನರ್ 2049' (2017) ಛಾಯಾಗ್ರಹಣಕ್ಕೂ ದೃಶ್ಯ ಪರಿಣಾಮಕ್ಕೂ ಆಸ್ಕರ್ ಪಡೆದು ವಿಮರ್ಶಕರಿಂದ ಹೊಗಳಿಸಿಕೊಂಡರೂ ಹಾಕಿದ ಬಂಡವಾಳಕ್ಕೆ ತಕ್ಕ ಗಳಿಕೆ ಕಾಣಲಿಲ್ಲ. ಅದರ ಮೂಲವಾದ 1982ರ 'ಬ್ಲೇಡ್ ರನ್ನರ್' ಕೂಡ ಬಿಡುಗಡೆಯಾದಾಗ ಸೋತು ಆಮೇಲೆ ನಿಧಾನವಾಗಿ ನೆಲೆ ಕಂಡುಕೊಂಡ ಚಿತ್ರವೇ. ಈ ಲೇಖನದಲ್ಲಿ ಹೆಚ್ಚು ತೂಕ ಕೊಟ್ಟಿರುವುದು ಬಾಳಿಕೆಗೆ. ಮೊದಲ ವಾರದ ಗಳಿಕೆ ಬಹುಮಟ್ಟಿಗೆ ಹಿಂದಿನ ಚಿತ್ರ ಗಳಿಸಿದ ವಿಶ್ವಾಸದ ಫಲ. ಈ ಚಿತ್ರದ್ದೇ ಆದ ಗುಣ ತಿಳಿಯುವುದು ನಂತರ.

ಧಾರಾವಾಹಿಯಿಂದ 'ಭಾಗ ಎರಡ'ರವರೆಗೆ

ಯಶಸ್ವಿ ಚಿತ್ರಕ್ಕೆ ಬಾಲ ಜೋಡಿಸುವ ಪದ್ಧತಿ ಮೂಕಿ ಚಿತ್ರಗಳ ಕಾಲದಿಂದಲೂ ಇದೆ. ವಿಜ್ಞಾನ ಕಥೆಯ ಮಟ್ಟಿಗೆ ಮೊದಲ ದೊಡ್ಡ ಉದಾಹರಣೆ ಜೇಮ್ಸ್ ವೇಲ್ ಅವರ 'ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್' (1935). ನಾಲ್ಕು ವರ್ಷ ಹಿಂದಿನ 'ಫ್ರಾಂಕನ್‌ಸ್ಟೈನ್' ಚಿತ್ರದ ಕೊನೆಯಲ್ಲಿ ಗಾಳಿಗಿರಣಿಯ ಬೆಂಕಿಗೆ ಸಿಕ್ಕಿದ್ದ ಜೀವಿ ಬದುಕಿ ಬಂದು ಮಾತು ಕಲಿಯುತ್ತದೆ, ಸಂಗಾತಿ ಬೇಕೆಂದು ಕೇಳುತ್ತದೆ. ಮೊದಲ ಚಿತ್ರಕ್ಕಿಂತ ಇದೇ ಮೇಲು ಎಂದು ಅನೇಕರು ಇಂದಿಗೂ ಹೇಳುತ್ತಾರೆ. ಜಪಾನಿನಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. 1954ರ ನವೆಂಬರಿನಲ್ಲಿ ಬಂದ ಇಶಿರೋ ಹೋಂಡಾ ಅವರ 'ಗಾಡ್ಜಿಲ್ಲಾ' ಅಣುಬಾಂಬಿನ ನೋವನ್ನು ಹೊತ್ತ ಚಿತ್ರ. ಅದು ಗೆದ್ದದ್ದೇ ತಡ, ಅರ್ಧ ವರ್ಷದೊಳಗೆ ಬೇರೆ ನಿರ್ದೇಶಕರ ಕೈಯಲ್ಲಿ ಎರಡನೆಯದು ಸಿದ್ಧವಾಯಿತು. ಸತ್ತ ಪ್ರಾಣಿಯ ಜಾಗಕ್ಕೆ ಅಂಥದೇ ಇನ್ನೊಂದು ಬಂದು, ಮತ್ತೊಂದು ಪ್ರಾಣಿಯೊಡನೆ ಸೆಣಸಿತು. ಶೋಕಗೀತೆಯಂತಿದ್ದದ್ದು ಕುಸ್ತಿಯ ಅಖಾಡವಾಯಿತು.

ಹಾಲಿವುಡ್ಡಿನಲ್ಲಿ 'ಪ್ಲ್ಯಾನೆಟ್ ಆಫ್ ದಿ ಏಪ್ಸ್' (1968) ಚಿತ್ರಕ್ಕೆ 1973ರೊಳಗೆ ನಾಲ್ಕು ಮುಂದುವರಿಕೆಗಳು ಬಂದವು. ಪ್ರತಿಯೊಂದಕ್ಕೂ ಹಣ ಕಡಿಮೆಯಾಗುತ್ತಾ ಹೋಯಿತು. ಎರಡನೇ ಚಿತ್ರದ ಕೊನೆಯಲ್ಲಿ ಭೂಮಿಯೇ ನಾಶವಾಗಿದ್ದರಿಂದ ಮೂರನೆಯದರಲ್ಲಿ ವಾನರರನ್ನು ಕಾಲದಲ್ಲಿ ಹಿಂದಕ್ಕೆ, ನಮ್ಮ ಯುಗಕ್ಕೇ ತರಬೇಕಾಯಿತು. ಆಗಿನ ಲೆಕ್ಕಾಚಾರ ಸರಳವಾಗಿತ್ತು: ಮುಂದುವರಿದ ಭಾಗ ಕಡಿಮೆ ಗಳಿಸುತ್ತದೆ, ಆದ್ದರಿಂದ ಕಡಿಮೆ ಖರ್ಚು ಮಾಡಬೇಕು. ಜಾರ್ಜ್ ಲೂಕಾಸ್ ಕೂಡ ಮೊದಮೊದಲು ಹಾಗೆಯೇ ಯೋಚಿಸಿದ್ದರು. 'ಸ್ಟಾರ್ ವಾರ್ಸ್' ಹೆಚ್ಚು ಗಳಿಸದಿದ್ದರೆ ಅಗ್ಗದಲ್ಲಿ ತೆಗೆಯಬಹುದಾದ ಮುಂದಿನ ಚಿತ್ರಕ್ಕೆಂದೇ ಆಲನ್ ಡೀನ್ ಫಾಸ್ಟರ್ ಅವರಿಂದ ಕಾದಂಬರಿಯೊಂದನ್ನು ಬರೆಸಲಾಗಿತ್ತು, ಅದು 1978ರಲ್ಲಿ ಪ್ರಕಟವಾಯಿತು. ಚಿತ್ರ ಊಹೆ ಮೀರಿ ಗೆದ್ದದ್ದರಿಂದ ಲೂಕಾಸ್ ಲೆಕ್ಕಾಚಾರವನ್ನೇ ತಲೆಕೆಳಗು ಮಾಡಿದರು. ಮೊದಲ ಚಿತ್ರಕ್ಕೆ ತಗುಲಿದ್ದು ಸುಮಾರು 1.1 ಕೋಟಿ ಡಾಲರ್. ಎರಡನೆಯದಕ್ಕೆ ಸ್ವಂತ ಹಣವನ್ನೂ ಬ್ಯಾಂಕ್ ಸಾಲವನ್ನೂ ತೊಡಗಿಸಿ ಸುಮಾರು 3 ಕೋಟಿ ಖರ್ಚು ಮಾಡಿದರು. ಎರಡನೇ ಭಾಗ ಮೊದಲನೆಯದಕ್ಕಿಂತ ದೊಡ್ಡದಾಗಿರಬೇಕು ಎಂಬ ಇಂದಿನ ವಾಡಿಕೆ ಬೇರೂರಿದ್ದು ಅಲ್ಲಿಂದ.

ಗಾತ್ರದ ವಾದ

ಮೊದಲ ವಾದ ಈ ವಾಡಿಕೆಯಿಂದಲೇ ಹುಟ್ಟಿದ್ದು. ಬೆರಗು ಮಾಸುವುದರಿಂದ ಅದಕ್ಕಿಂತ ದೊಡ್ಡ ಬೆರಗನ್ನು ಕಟ್ಟಿಕೊಡಬೇಕು, ತಂತ್ರಜ್ಞಾನ ಒಂದು ಹೆಜ್ಜೆ ಮುಂದೆ ಹೋಗಬೇಕು ಎನ್ನುವವರು ಇವರು. ಇವರ ಕೈಯಲ್ಲಿರುವ ಬಲವಾದ ಸಾಕ್ಷಿ ಜೇಮ್ಸ್ ಕ್ಯಾಮರಾನ್. 1984ರ 'ದಿ ಟರ್ಮಿನೇಟರ್' ಸುಮಾರು 64 ಲಕ್ಷ ಡಾಲರಿನಲ್ಲಿ ಮುಗಿದಿತ್ತು. 1991ರ 'ಟರ್ಮಿನೇಟರ್ 2' ಸುಮಾರು 10 ಕೋಟಿ ಡಾಲರಿನ ಚಿತ್ರ. ದ್ರವಲೋಹದ ಆ ವೈರಿ ಕಂಬಿಗಳ ನಡುವೆ ತೂರಿ ಬರುವುದನ್ನು ಅದಕ್ಕೆ ಮೊದಲು ಯಾರೂ ತೆರೆಯ ಮೇಲೆ ಕಂಡಿರಲಿಲ್ಲ. 'ಅವತಾರ್' ಬಂದು ಹದಿಮೂರು ವರ್ಷವಾದ ಮೇಲೆ ಎರಡನೆಯದನ್ನು ಯಾರು ನೋಡುತ್ತಾರೆ ಎಂಬ ಸಂಶಯ ಬಿಡುಗಡೆಗೆ ಮುನ್ನ ವ್ಯಾಪಕವಾಗಿತ್ತು. ನಟರ ಅಭಿನಯವನ್ನು ನೀರಿನೊಳಗೇ ಸೆರೆಹಿಡಿಯುವ ಹೊಸ ವಿಧಾನದಿಂದ ಕ್ಯಾಮರಾನ್ ಆ ಸಂಶಯವನ್ನು ಕೊಚ್ಚಿ ಹಾಕಿದರು.

ಈ ವಾದವನ್ನು ಕೇವಲ ಆಡಂಬರದ ಹಂಬಲವೆಂದು ತಳ್ಳಿಹಾಕುವುದು ನ್ಯಾಯವಲ್ಲ. ವಿಜ್ಞಾನ ಕಥಾಚಿತ್ರ ಕಣ್ಣಿನ ಕಲೆ, ಕಣ್ಣಿಗೆ ಹೊಸದನ್ನು ಕೊಡುವುದು ಅದರ ಧರ್ಮ. ಆದರೆ ಗಾತ್ರವೇ ಕಾರಣವಾಗಿದ್ದರೆ 'ರಿಸರ್ಜೆನ್ಸ್' ಸೋಲಬಾರದಿತ್ತು, 'ಸ್ಟಾರ್ ಟ್ರೆಕ್ 2: ದಿ ರ‍್ಯಾತ್ ಆಫ್ ಖಾನ್' (1982) ಗೆಲ್ಲಬಾರದಿತ್ತು. 1979ರ ಮೊದಲ 'ಸ್ಟಾರ್ ಟ್ರೆಕ್' ಚಿತ್ರಕ್ಕೆ ಸುಮಾರು 4.4 ಕೋಟಿ ಡಾಲರ್ ಸುರಿಯಲಾಗಿತ್ತು. ಎರಡನೆಯದಕ್ಕೆ ಸಿಕ್ಕಿದ್ದು ಸುಮಾರು 1.2 ಕೋಟಿ, ನಾಲ್ಕನೇ ಒಂದು ಪಾಲಿಗಿಂತ ತುಸು ಹೆಚ್ಚು. ಮೊದಲ ಚಿತ್ರದ ಕೆಲವು ದೃಶ್ಯಗಳನ್ನೇ ಮತ್ತೆ ಬಳಸಿಕೊಂಡರು. ಆದರೂ ಅಮೆರಿಕದಲ್ಲಿ ಗಳಿಕೆ ಮೊದಲನೆಯದರ ಹತ್ತಿರಕ್ಕೆ ಬಂತು, ಆ ಸರಣಿಯ ಶ್ರೇಷ್ಠ ಚಿತ್ರವೆಂಬ ಹೆಸರೂ ಉಳಿಯಿತು. ನಮ್ಮ ದೇಶದ ಅನುಭವವೂ ಇದನ್ನೇ ಸೂಚಿಸುತ್ತದೆ. ಶಂಕರ್ ಅವರ 'ಎಂದಿರನ್' (2010) ಚಿತ್ರದ ಕೊನೆಯಲ್ಲಿ ಯಂತ್ರಮಾನವ ಚಿಟ್ಟಿ ನ್ಯಾಯಾಲಯದ ಆದೇಶಕ್ಕೆ ತಲೆಬಾಗಿ ತನ್ನನ್ನು ತಾನೇ ಬಿಡಿಬಿಡಿಯಾಗಿ ಕಳಚಿಕೊಳ್ಳುತ್ತಾನೆ. ಆ ದೃಶ್ಯಕ್ಕೆ ನಿಜವಾದ ಕರುಣೆ ಇದೆ. '2.0' (2018) ಚಿತ್ರ ಅದಕ್ಕಿಂತ ಎಷ್ಟೋ ದೊಡ್ಡದು, ತ್ರೀಡಿಯ ಅಬ್ಬರ ಬೇರೆ. ಆದರೆ ಹೊಸ ಆಪತ್ತು ಬಂತೆಂದು ಚಿಟ್ಟಿಯನ್ನು ಮತ್ತೆ ಜೋಡಿಸಿ ನಿಲ್ಲಿಸಿದಾಗ ಹಿಂದಿನ ತ್ಯಾಗಕ್ಕಿದ್ದ ಬೆಲೆ ಇಳಿದುಹೋಯಿತು.

ಲೋಕದ ವಾದ ಮತ್ತು ರಹಸ್ಯದ ಸಮಸ್ಯೆ

ಎರಡನೇ ಪಂಗಡದವರ ಪ್ರಕಾರ ಪ್ರೇಕ್ಷಕ ಮರಳಿ ಬರುವುದು ಪಾತ್ರಕ್ಕಿಂತ ಹೆಚ್ಚಾಗಿ ಲೋಕಕ್ಕಾಗಿ. ಮೊದಲ ಚಿತ್ರ ಅಂಗಳ ತೋರಿಸಿದರೆ ಎರಡನೆಯದು ಒಳಮನೆ ತೋರಿಸಬೇಕು. ನಿಯಮಗಳು ಕೆಡಬಾರದು, ವಿವರಗಳು ಹೆಚ್ಚಬೇಕು. 'ಡ್ಯೂನ್: ಪಾರ್ಟ್ ಟೂ' (2024) ಚಿತ್ರದಲ್ಲಿ ಹಾರ್ಕೊನೆನ್ನರ ಗ್ರಹವನ್ನು ಇನ್‌ಫ್ರಾರೆಡ್ ಕಪ್ಪುಬಿಳುಪಿನಲ್ಲಿ ತೋರಿಸಿದ್ದು, ಮರುಭೂಮಿಯ ಫ್ರೆಮನ್ನರ ನೀರಿನ ಸಂಸ್ಕಾರವನ್ನು ಒಳಗಿನಿಂದ ಕಾಣಿಸಿದ್ದು ಈ ವಾದಕ್ಕೆ ಒಳ್ಳೆಯ ನಿದರ್ಶನಗಳು. ಒಂದು ಲೋಕದ ಒಳನಿಯಮ ಎಷ್ಟು ಬಲವಾಗಿರುತ್ತದೆ ಎಂಬುದಕ್ಕೆ ಆರ್ಥರ್ ಸಿ. ಕ್ಲಾರ್ಕ್ ಅವರ ಪ್ರಸಂಗವನ್ನೂ ನೆನೆಯಬಹುದು. '2001' ಕಾದಂಬರಿಯಲ್ಲಿ ಅವರು ನೌಕೆಯನ್ನು ಶನಿಗ್ರಹಕ್ಕೆ ಕಳಿಸಿದ್ದರು, ಸ್ಟಾನ್ಲಿ ಕ್ಯೂಬ್ರಿಕ್ ಅವರ 1968ರ ಚಿತ್ರದಲ್ಲಿ ಅದು ಹೋದದ್ದು ಗುರುಗ್ರಹಕ್ಕೆ. 1982ರಲ್ಲಿ ಮುಂದಿನ ಕಾದಂಬರಿ ಬರೆಯುವಾಗ ಕ್ಲಾರ್ಕ್ ತಮ್ಮ ಕಾದಂಬರಿಯನ್ನು ಬಿಟ್ಟು ಚಿತ್ರವನ್ನೇ ಅನುಸರಿಸಿದರು. ಜನರ ಮನಸ್ಸಿನಲ್ಲಿ ನೆಲೆಗೊಂಡದ್ದು ಗುರುಗ್ರಹವಾಗಿತ್ತು.

ಆದರೆ ಲೋಕವನ್ನು ವಿಸ್ತರಿಸುವುದಕ್ಕೂ ವಿವರಿಸುವುದಕ್ಕೂ ಇರುವ ಅಂತರವನ್ನು ಈ ಪಂಗಡ ಹಲವು ಸಲ ಮರೆಯುತ್ತದೆ. ಕ್ಲಾರ್ಕ್ ಅವರ ಆ ಎರಡನೇ ಕಾದಂಬರಿಯನ್ನು ಪೀಟರ್ ಹೈಯಮ್ಸ್ 1984ರಲ್ಲಿ '2010' ಎಂಬ ಚಿತ್ರವಾಗಿ ತೆಗೆದರು. ಹ್ಯಾಲ್ ಎಂಬ ಗಣಕಯಂತ್ರ ಏಕೆ ಕೊಲೆಗಾರನಾಯಿತು ಎಂಬುದಕ್ಕೆ ಅಲ್ಲಿ ಸ್ಪಷ್ಟ ಉತ್ತರವಿದೆ: ಸತ್ಯವನ್ನು ಮುಚ್ಚಿಡಬೇಕೆಂಬ ಆದೇಶ ಅದರ ಮೂಲ ಸ್ವಭಾವದೊಡನೆ ಘರ್ಷಿಸಿತ್ತು. ಉತ್ತರ ತರ್ಕಬದ್ಧವಾಗಿದೆ, ಚಿತ್ರವೂ ಅಚ್ಚುಕಟ್ಟಾಗಿದೆ. ಆದರೂ ಕ್ಯೂಬ್ರಿಕ್ ಚಿತ್ರದ ಮೌನ ಕೊಟ್ಟ ತಲ್ಲಣವನ್ನು ಆ ಉತ್ತರ ಕೊಡಲಾರದು. ರಿಡ್ಲಿ ಸ್ಕಾಟ್ ತಮ್ಮದೇ 'ಏಲಿಯನ್' (1979) ಚಿತ್ರದ ಜೀವಿ ಎಲ್ಲಿಂದ ಬಂತೆಂಬ ಹುಡುಕಾಟವನ್ನು 'ಪ್ರೊಮಿಥಿಯಸ್' (2012), 'ಏಲಿಯನ್: ಕವೆನೆಂಟ್' (2017) ಚಿತ್ರಗಳಲ್ಲಿ ಕೈಗೊಂಡಾಗಲೂ ಇದೇ ತೊಡಕು ಎದುರಾಯಿತು. ತಿಳಿಯದಿರುವುದೇ ಅದರ ಭಯವಾಗಿತ್ತು.

ಯೋಜನೆಯೋ ಕರ್ತೃವೋ

ಮೂರನೆಯದು ತಯಾರಿಕೆಯ ಕಡೆಯಿಂದ ನೋಡುವ ವಾದ. ಇಡೀ ಕಥೆಯನ್ನು ಮೊದಲೇ ಹೆಣೆದಿಟ್ಟಿದ್ದರೆ ಸರಣಿ ಗೆಲ್ಲುತ್ತದೆ, ಇಲ್ಲವಾದರೆ ದಾರಿ ತಪ್ಪುತ್ತದೆ ಎಂಬುದು ಇದರ ತಿರುಳು. 2015ರಿಂದ 2019ರವರೆಗಿನ ಮೂರು 'ಸ್ಟಾರ್ ವಾರ್ಸ್' ಚಿತ್ರಗಳನ್ನು ಇವರು ಬೊಟ್ಟು ಮಾಡಿ ತೋರಿಸುತ್ತಾರೆ. ಜೆ.ಜೆ. ಅಬ್ರಾಮ್ಸ್ ಎಬ್ಬಿಸಿದ ಪ್ರಶ್ನೆಗಳನ್ನು ರಯಾನ್ ಜಾನ್ಸನ್ ಬೇರೆ ದಿಕ್ಕಿಗೆ ತಿರುಗಿಸಿದರು, ಮರಳಿ ಬಂದ ಅಬ್ರಾಮ್ಸ್ ಅದನ್ನು ಇನ್ನೊಮ್ಮೆ ತಿರುಗಿಸಿದರು. ಮೊದಲನೆಯದು 200 ಕೋಟಿ ಡಾಲರ್ ದಾಟಿತ್ತು. ಮೂರನೆಯದು ಅದರ ಅರ್ಧದ ಆಸುಪಾಸಿನಲ್ಲಿ ನಿಂತಿತು.

ಆಕರ್ಷಕ ವಾದವೇ. ಆದರೆ ಯೋಜನೆಯ ಮಹತ್ವಕ್ಕೆ ಸಾಕ್ಷಿಯೆಂದು ಎಲ್ಲರೂ ನಂಬಿರುವ ಪ್ರಸಂಗವೇ ಅದಕ್ಕೆ ವಿರುದ್ಧವಾಗಿ ನುಡಿಯುತ್ತದೆ. 'ಎಂಪೈರ್' ಚಿತ್ರಕಥೆಯ ಮೊದಲ ಕರಡನ್ನು ಬರೆದವರು ಲೀ ಬ್ರಾಕೆಟ್. 1978ರ ಮಾರ್ಚಿನಲ್ಲಿ ಅವರು ತೀರಿಕೊಂಡರು. ಅವರ ಕರಡಿನಲ್ಲಿ ನಾಯಕ ಲ್ಯೂಕ್‌ನ ತಂದೆ ಆತ್ಮರೂಪದಲ್ಲಿ ಕಾಣಿಸಿಕೊಂಡು ಮಗನೊಡನೆ ಮಾತಾಡುತ್ತಾನೆ. ಡಾರ್ತ್ ವೇಡರ್ ಬೇರೆಯೇ ವ್ಯಕ್ತಿ. ಸಿನಿಮಾ ಇತಿಹಾಸದ ಅತಿ ಪ್ರಸಿದ್ಧ ತಿರುವು ಹುಟ್ಟಿದ್ದು ಅದರ ನಂತರ, ಲೂಕಾಸ್ ತಾವೇ ಕೂತು ಮುಂದಿನ ಕರಡನ್ನು ಬರೆದಾಗ. ಅಂದರೆ ಯೋಜನೆಯಿಲ್ಲದಿದ್ದಾಗಲೇ ಆ ಗೆಲುವು ದಕ್ಕಿತು. ಅದೇ ಹೊತ್ತಿಗೆ ಅದು ಯದ್ವಾತದ್ವಾ ಬಂದದ್ದೂ ಅಲ್ಲ. ಮೊದಲ ಚಿತ್ರದಲ್ಲಿ ಬಿದ್ದಿದ್ದ ವಸ್ತುಗಳನ್ನೇ, ಅಂದರೆ ಕಾಣದ ತಂದೆ, ಮುಖವಾಡದ ವೈರಿ, ಏನನ್ನೋ ಮರೆಮಾಚುವ ಮುದುಕ ಇವರನ್ನೇ ಎತ್ತಿಕೊಂಡು ಹೊಸ ಅರ್ಥ ಕೊಟ್ಟ ಫಲ ಅದು. ಇನ್ನು 'ದಿ ಮೇಟ್ರಿಕ್ಸ್' ಚಿತ್ರದ ಎರಡು ಮುಂದುವರಿಕೆಗಳನ್ನು ಒಟ್ಟಿಗೇ ಚಿತ್ರೀಕರಿಸಿ 2003ರ ಮೇ ಮತ್ತು ನವೆಂಬರಿನಲ್ಲಿ ಬಿಡುಗಡೆ ಮಾಡಲಾಯಿತು. ಯೋಜನೆ ಇತ್ತು, ಕರ್ತೃಗಳೂ ಮೊದಲ ಚಿತ್ರದವರೇ. ಕೊನೆಯದರ ಹೊತ್ತಿಗೆ ಜನರ ಉತ್ಸಾಹ ಇಳಿದಿತ್ತು.

ಸಂಶಯವಾದಿಗಳ ಮಾತು

ಇಷ್ಟೆಲ್ಲ ಕಾರಣ ಹುಡುಕುವುದೇ ವ್ಯರ್ಥ ಎನ್ನುವವರೂ ಇದ್ದಾರೆ. ಅವರ ತರ್ಕ ಹೀಗಿದೆ. ಸೋತ ಚಿತ್ರಕ್ಕೆ ಎರಡನೇ ಭಾಗ ತೆಗೆಯುವುದು ಅಪರೂಪ. ಅಸಾಧಾರಣವಾಗಿ ಗೆದ್ದ ಚಿತ್ರದ ಹಿಂದೆ ಪ್ರತಿಭೆಯ ಜೊತೆಗೆ ಅದೃಷ್ಟವೂ ಇರುತ್ತದೆ: ಸರಿಯಾದ ಸಮಯ, ಸರಿಯಾದ ನಟರು, ಜನರ ಆ ಹೊತ್ತಿನ ಮನಸ್ಥಿತಿ. ಪ್ರತಿಭೆ ಮರುಕಳಿಸಬಹುದು, ಅದೃಷ್ಟ ಮರುಕಳಿಸುವುದಿಲ್ಲ. ಹಾಗಾಗಿ ಎರಡನೆಯದು ಸರಾಸರಿಯ ಕಡೆಗೆ ಜಾರುವುದು ಸಹಜ, ಯಾರ ತಪ್ಪೂ ಅಲ್ಲ. ಗೆದ್ದ ನಾಲ್ಕಾರು ಚಿತ್ರಗಳನ್ನು ಮುಂದಿಟ್ಟುಕೊಂಡು ಸೂತ್ರ ಕಟ್ಟುವುದು ಲಾಟರಿ ಗೆದ್ದವರ ಅಭ್ಯಾಸಗಳನ್ನು ಪಟ್ಟಿ ಮಾಡಿದಂತೆ ಎಂಬುದು ಅವರ ಆಕ್ಷೇಪ.

ಈ ಎಚ್ಚರಿಕೆಯಲ್ಲಿ ಸತ್ಯವಿದೆ, ಯಾವ ಸಿದ್ಧಾಂತವೂ ಇದನ್ನು ಮರೆಯಬಾರದು. ಆದರೆ ಇದು ಸರಾಸರಿಯ ಇಳಿತವನ್ನು ವಿವರಿಸುತ್ತದೆಯೇ ಹೊರತು ಸೋಲು ಗೆಲುವುಗಳ ಸ್ವರೂಪವನ್ನು ವಿವರಿಸುವುದಿಲ್ಲ. ಅದೃಷ್ಟದ ಆಟವೇ ಆಗಿದ್ದರೆ ಬಾಳಿದ ಎರಡನೇ ಭಾಗಗಳು ಒಂದಕ್ಕೊಂದು ಸಂಬಂಧವಿಲ್ಲದಂತಿರಬೇಕಿತ್ತು. ಅವುಗಳನ್ನು ಹತ್ತಿರದಿಂದ ನೋಡಿದರೆ ಒಂದೇ ಬಗೆಯ ಕಸುಬು ಕಾಣುತ್ತದೆ.

ಗೆಲುವಿನ ಬೆಲೆ

ಆ ಕಸುಬು ಯಾವುದೆಂದರೆ, ಮೊದಲ ಚಿತ್ರದ ಗೆಲುವನ್ನೇ ಎರಡನೇ ಚಿತ್ರದ ಸಂಕಟದ ಮೂಲವಾಗಿಸುವುದು. ಹೊಸ ಶತ್ರುವನ್ನು ಹೊರಗಿನಿಂದ ತರುವ ಬದಲು, ಹಿಂದಿನ ಬಾರಿ ಗೆದ್ದವರು ಗೆಲ್ಲುವಾಗ ಏನನ್ನು ಬಿಟ್ಟುಬಂದರು, ಯಾರನ್ನು ಮರೆತರು, ಯಾವ ಸುಳ್ಳನ್ನು ನಂಬಿದರು ಎಂದು ಕೇಳುವುದು. ಲೋಕದ ಪರಿಚಯ ಮಾಡಿಕೊಡುವ ಹೊರೆ ಎರಡನೇ ಭಾಗಕ್ಕಿಲ್ಲ. ಉಳಿದ ಆ ಸಮಯವನ್ನು ಪರಿಣಾಮಗಳಿಗೆ ಖರ್ಚು ಮಾಡಿದ ಚಿತ್ರಗಳು ಬಾಳಿವೆ.

'ಟರ್ಮಿನೇಟರ್ 2' ಚಿತ್ರವನ್ನು ಈ ಕಣ್ಣಿನಿಂದ ನೋಡಬೇಕು. ಮೊದಲ ಚಿತ್ರದಲ್ಲಿ ಸಾರಾ ಕಾನರ್ ಆ ಕೊಲೆಗಡುಕ ಯಂತ್ರವನ್ನು ಒತ್ತುಯಂತ್ರದಲ್ಲಿ ಜಜ್ಜಿ ಗೆದ್ದಿದ್ದಳು. ಅಲ್ಲಿ ಉಳಿದ ತೋಳು ಮತ್ತು ಚಿಪ್ ಸೈಬರ್ಡೈನ್ ಕಂಪನಿಯ ಕೈಸೇರಿವೆ. ಮನುಕುಲವನ್ನು ಅಳಿಸಲಿರುವ ಯಂತ್ರ ಹುಟ್ಟುವುದೇ ಆ ಚೂರುಗಳಿಂದ, ಅಂದರೆ ಅವಳ ಗೆಲುವಿನಿಂದ. ಭವಿಷ್ಯ ತಿಳಿದ ಭಾರಕ್ಕೆ ಅವಳು ಮಾನಸಿಕ ಆಸ್ಪತ್ರೆಯ ಸೆರೆಯಲ್ಲಿದ್ದಾಳೆ. ಇನ್ನೂ ಯಾವ ತಪ್ಪನ್ನೂ ಮಾಡದ ವಿಜ್ಞಾನಿ ಡೈಸನ್‌ನನ್ನು ಅವನ ಮನೆಯಲ್ಲೇ ಕೊಲ್ಲಲು ಬಂದೂಕು ಹಿಡಿದು ಹೋಗುತ್ತಾಳೆ. ಮೊದಲ ಚಿತ್ರದಲ್ಲಿ ಯಂತ್ರ ಅವಳ ಪಾಲಿಗೆ ಏನಾಗಿತ್ತೋ ಆ ಹೊತ್ತಿಗೆ ಅವಳೇ ಅದಾಗಿದ್ದಾಳೆ. ಇತ್ತ ಯಂತ್ರ ಕೊಲ್ಲದಿರುವುದನ್ನು ಹುಡುಗನೊಬ್ಬನಿಂದ ಕಲಿಯುತ್ತಿದೆ. ದ್ರವಲೋಹದ ವೈರಿಯ ಗಣಕ ಚಿತ್ರಿಕೆಗಳು ಇಡೀ ಚಿತ್ರದಲ್ಲಿ ಕೆಲವೇ ನಿಮಿಷ ಬರುತ್ತವೆ. ಅವನ್ನು ಮೀರಿಸಿದ ತಂತ್ರ ಇಂದು ಎಲ್ಲ ಕಡೆ ಇದೆ. ಮಾಸದೆ ಉಳಿದಿರುವುದು ಈ ಅದಲುಬದಲು.

'ರ‍್ಯಾತ್ ಆಫ್ ಖಾನ್' ಗೆದ್ದದ್ದೂ ಹೀಗೆಯೇ. 1967ರ ಒಂದು ದೂರದರ್ಶನ ಕಂತಿನಲ್ಲಿ ಕ್ಯಾಪ್ಟನ್ ಕರ್ಕ್ ಖಾನ್‌ನನ್ನು ಸೋಲಿಸಿ, ಉದಾರಿಯಂತೆ ಒಂದು ಗ್ರಹದಲ್ಲಿ ನೆಲೆಯೂರಲು ಬಿಟ್ಟಿದ್ದ. ಆಮೇಲೆ ಅತ್ತ ತಿರುಗಿ ನೋಡಲಿಲ್ಲ. ಪಕ್ಕದ ಗ್ರಹ ಸಿಡಿದು ಅಲ್ಲಿ ಬದುಕು ನರಕವಾಯಿತು, ಖಾನ್‌ನ ಹೆಂಡತಿ ಸತ್ತಳು. ಹದಿನೈದು ವರ್ಷದ ಮೇಲೆ ಆ ಅಲಕ್ಷ್ಯ ಹಡಗನ್ನೇರಿ ಬರುತ್ತದೆ. ಗೆಲ್ಲಲಾಗದ ಪರೀಕ್ಷೆಯನ್ನು ವಿದ್ಯಾರ್ಥಿಯಾಗಿದ್ದಾಗ ಮೋಸದಿಂದ ಗೆದ್ದಿದ್ದ ಕರ್ಕ್, ಈಗ ಗೆಳೆಯ ಸ್ಪಾಕ್‌ನ ಸಾವಿನೆದುರು ನಿಲ್ಲಬೇಕಾಗುತ್ತದೆ. ಕ್ಯಾಮರಾನ್ ಅವರದೇ 'ಏಲಿಯನ್ಸ್' (1986) ಚಿತ್ರದಲ್ಲಿ ನಾಯಕಿ ರಿಪ್ಲಿ ಹಿಂದಿನ ಸಲ ಬದುಕುಳಿದದ್ದಕ್ಕೆ ತೆರುವ ಬೆಲೆ 57 ವರ್ಷಗಳ ನಿದ್ದೆ. ಕಂಪನಿ ಅವಳ ಮಾತನ್ನು ನಂಬುವುದಿಲ್ಲ. ನಂತರ ಬಿಡುಗಡೆಯಾದ ವಿಸ್ತೃತ ಆವೃತ್ತಿಯಲ್ಲಿ ಅವಳ ಮಗಳು ಮುದುಕಿಯಾಗಿ ತೀರಿಕೊಂಡ ಸುದ್ದಿಯೂ ಸೇರಿದೆ. ತಾಯ್ತನ ಕಳೆದುಕೊಂಡವಳು ಅನಾಥ ಹುಡುಗಿಯೊಬ್ಬಳಿಗಾಗಿ ಮತ್ತೆ ಆ ಗೂಡಿಗೆ ಇಳಿಯುತ್ತಾಳೆ. ವಿಜ್ಞಾನ ಕಥಾಚಿತ್ರದ ಪಾತ್ರಕ್ಕೆ ಶ್ರೇಷ್ಠ ನಟಿ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಅಪರೂಪವಾಗಿದ್ದ ಕಾಲದಲ್ಲಿ ಸಿಗೋರ್ನಿ ವೀವರ್ ಅದನ್ನು ಪಡೆದದ್ದು ಈ ಪಾತ್ರಕ್ಕೆ. ಮ್ಯಾಟ್ ರೀವ್ಸ್ ಅವರ 'ಡಾನ್ ಆಫ್ ದಿ ಪ್ಲ್ಯಾನೆಟ್ ಆಫ್ ದಿ ಏಪ್ಸ್' (2014) ಕೂಡ ಈ ಸಾಲಿಗೆ ಸೇರುತ್ತದೆ: ಹಿಂದಿನ ಚಿತ್ರದಲ್ಲಿ ಪ್ರಯೋಗಾಲಯದಿಂದ ಬಿಡುಗಡೆ ಪಡೆದ ಕೋಬಾ ಆ ಗಾಯವನ್ನು ಹೊತ್ತುಕೊಂಡೇ ಬಂದು ಯುದ್ಧ ಹಚ್ಚುತ್ತಾನೆ.

ಕನ್ನಡ ಓದುಗರಿಗೆ ಇದು ಹೊಸ ವಿಚಾರವೇನಲ್ಲ. ಕುರುಕ್ಷೇತ್ರ ಮುಗಿದ ಮೇಲೆ ಕಥೆಗೆ ಏನು ಉಳಿದಿದೆ ಎಂದು ಲಕ್ಷ್ಮೀಶನನ್ನು ಯಾರೂ ಕೇಳಲಿಲ್ಲ. 'ಜೈಮಿನಿ ಭಾರತ'ದ ಅಶ್ವಮೇಧ ಹೊರಡುವುದೇ ಬಂಧುಗಳನ್ನು ಕೊಂದು ಗೆದ್ದ ಧರ್ಮರಾಯನ ಪಾಪಪ್ರಜ್ಞೆಯಿಂದ. ಕುದುರೆಯ ಹಿಂದೆ ಹೋದ ಅರ್ಜುನ ತನ್ನ ಮಗ ಬಭ್ರುವಾಹನನ ಕೈಯಲ್ಲೇ ಬೀಳುತ್ತಾನೆ. ಯಕ್ಷಗಾನದ ರಂಗಸ್ಥಳದಲ್ಲಿ ಆ ಪ್ರಸಂಗಕ್ಕೆ ಇಂದಿಗೂ ಜನ ಸೇರುತ್ತಾರೆ.

ಇತ್ತೀಚಿನ ಚಿತ್ರಗಳಲ್ಲಿ ಈ ವಾದಕ್ಕೆ ಅತಿ ಸ್ಪಷ್ಟ ಆಧಾರ 'ಡ್ಯೂನ್: ಪಾರ್ಟ್ ಟೂ'. 2021ರ ಮೊದಲ ಭಾಗ ಅಮೆರಿಕದಲ್ಲಿ ಚಿತ್ರಮಂದಿರದ ದಿನವೇ ಎಚ್‌ಬಿಒ ಮ್ಯಾಕ್ಸ್‌ನಲ್ಲೂ ಬಂದಿತ್ತು, ಗಳಿಕೆ ಸುಮಾರು 40 ಕೋಟಿ ಡಾಲರ್. ಎರಡನೆಯದಕ್ಕೆ ಒಪ್ಪಿಗೆ ಸಿಕ್ಕಿದ್ದೇ ಮೊದಲನೆಯದು ಅಲ್ಲಿ ತೆರೆಕಂಡ ಕೆಲವು ದಿನಗಳ ಮೇಲೆ. ಅದು 71 ಕೋಟಿ ದಾಟಿತು. ಯೋಧನಾಗಿ ಬೆಳೆಯುವ ತರುಣನ ಕಥೆಯೆಂದು ಮೊದಲ ಭಾಗದಲ್ಲಿ ತೋರಿದ್ದು ಎರಡನೆಯದರಲ್ಲಿ ಸಂಶಯಕ್ಕೀಡಾಗುತ್ತದೆ. ಆ ತರುಣ ಪೌಲ್ ಅವತಾರ ಪುರುಷನೆಂಬ ನಂಬಿಕೆಯನ್ನು ಬೆನೆ ಜೆಸೆರಿಟ್ ಪಂಥ ತಲೆಮಾರುಗಳ ಹಿಂದೆಯೇ ಫ್ರೆಮನ್ನರ ನಡುವೆ ಬಿತ್ತಿತ್ತು. ಮೂಲ ಕಾದಂಬರಿಯಲ್ಲಿ ಪ್ರೇಯಸಿ ಚಾನಿ ಕೊನೆಯವರೆಗೂ ಪೌಲನ ಪಕ್ಕದಲ್ಲಿರುತ್ತಾಳೆ. ವಿಲ್ನವ್ ಅವಳನ್ನು ನಂಬದವಳನ್ನಾಗಿ ಮಾಡಿ, ಅವನ ಜಯದ ಗಳಿಗೆಯಲ್ಲೇ ಎದ್ದು ಹೋಗುವಂತೆ ಮಾಡಿದರು. ಪೌಲನ ಗೆಲುವಿಗೆ ಬೆಲೆ ಕಟ್ಟುವ ಕಣ್ಣು ಚಿತ್ರಕ್ಕೆ ಸಿಕ್ಕಿದ್ದು ಈ ಬದಲಾವಣೆಯಿಂದ. ಮರುಭೂಮಿಯ ಹುಳುವಿನ ಸವಾರಿ ಎಷ್ಟೇ ರೋಮಾಂಚಕವಾಗಿದ್ದರೂ, ಅದನ್ನು ನೋಡುವಾಗ ಸಂತೋಷದ ಜೊತೆಗೆ ಅಳುಕೂ ಹುಟ್ಟುವುದು ಅವಳಿಂದ.

ಆಕ್ಷೇಪಗಳು

ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ 'ಏಲಿಯನ್ 3' (1992). ಪರಿಣಾಮ, ಬೆಲೆ ಎನ್ನುವುದಾದರೆ ಅಲ್ಲಿ ಕೊರತೆಯೇ ಇಲ್ಲ. ರಿಪ್ಲಿ ಪ್ರಾಣ ಒತ್ತೆಯಿಟ್ಟು ಉಳಿಸಿದ್ದ ಹುಡುಗಿಯೂ ಸೈನಿಕನೂ ಚಿತ್ರದ ಆರಂಭದಲ್ಲೇ ಸತ್ತಿರುತ್ತಾರೆ. ಪ್ರೇಕ್ಷಕರು ಸಿಟ್ಟಾದರು. ಆದರೆ ಇಲ್ಲಿ ಸಾವು ಅಪಘಾತದಿಂದ ಬಂದದ್ದು, ಯಾರ ಆಯ್ಕೆಯಿಂದಲೂ ಬಂದದ್ದಲ್ಲ. ಹಿಂದಿನ ಗೆಲುವನ್ನು ಪ್ರಶ್ನಿಸುವುದಕ್ಕೂ ಅದನ್ನು ಅಳಿಸಿಹಾಕುವುದಕ್ಕೂ ವ್ಯತ್ಯಾಸವಿದೆ. ಸಾರಾಳ ಗೆಲುವು ಗೆಲುವಾಗಿಯೇ ಉಳಿದು ಅವಳನ್ನು ಸುಡುತ್ತದೆ, ರಿಪ್ಲಿಯದು ಇಲ್ಲವೇ ಆಗಿಬಿಡುತ್ತದೆ.

ಎರಡನೆಯದು 'ಮೇಟ್ರಿಕ್ಸ್ ರಿಲೋಡೆಡ್'. ನಿಯೋ ಎಂಬ ಉದ್ಧಾರಕ ಕೂಡ ಯಂತ್ರಗಳು ರೂಪಿಸಿದ ಹತೋಟಿಯ ಒಂದು ಭಾಗ ಎಂಬ ಅದರ ತಿರುವು ಮೊದಲ ಚಿತ್ರದ ಗೆಲುವನ್ನು ಬುಡದಿಂದ ಅಲ್ಲಾಡಿಸುತ್ತದೆ. ಇಲ್ಲಿನ ವಾದದ ಪ್ರಕಾರ ಆ ಸರಣಿ ಬಾಳಬೇಕಿತ್ತು. ತಿರುವು ಅದ್ಭುತವೇ, ಆದರೆ ಅದು ಬಂದದ್ದು ಬಿಳಿಗಡ್ಡದ ಪಾತ್ರವೊಂದರ ದೀರ್ಘ ಭಾಷಣದ ರೂಪದಲ್ಲಿ. ಅದಕ್ಕಿಂತ ಮುಖ್ಯವಾಗಿ, ಮೊದಲ ಚಿತ್ರದ ಕೊನೆಗೆ ನಿಯೋ ಗುಂಡುಗಳನ್ನೇ ತಡೆಯಬಲ್ಲವನಾಗಿದ್ದ. ಏನನ್ನೂ ಕಳೆದುಕೊಳ್ಳದವನಿಗೆ ಬೆಲೆ ತೆರುವುದು ಕಷ್ಟ, ಹೊಡೆದಾಟಗಳೆಲ್ಲ ಅಪಾಯವಿಲ್ಲದ ನೃತ್ಯಗಳಾದವು. ಈ ಉತ್ತರ ನನಗೆ ಬಹುಮಟ್ಟಿಗೆ ಸರಿಯೆನಿಸುತ್ತದೆ, ಪೂರ್ತಿಯಾಗಿ ಅಲ್ಲ. ಒಂದು ಒಳ್ಳೆಯ ಪ್ರಶ್ನೆ ಕೇಳಿದ ಚಿತ್ರ ಹೇಳುವ ಬಗೆಯಲ್ಲಿ ಸೋತರೆ, ಹೇಳುವ ಬಗೆಯೇ ಮುಖ್ಯ ಎಂದು ಇನ್ನೊಬ್ಬರು ಹೇಳಬಹುದು.

ಅತಿ ಕಠಿಣವಾದದ್ದು 'ದಿ ಲಾಸ್ಟ್ ಜೆಡೈ' (2017). ಮುದುಕನಾದ ಲ್ಯೂಕ್ ತನ್ನ ಗೆಲುವಿನ ದಂತಕಥೆಯನ್ನೇ ತಿರಸ್ಕರಿಸಿ ದ್ವೀಪವೊಂದರಲ್ಲಿ ಅಡಗಿದ್ದಾನೆ; ತನ್ನ ಕ್ಷಣದ ದೌರ್ಬಲ್ಯ ಶಿಷ್ಯನನ್ನು ಕತ್ತಲೆಗೆ ನೂಕಿತೆಂದು ಕೊರಗುತ್ತಿದ್ದಾನೆ. ಗೆಲುವಿನ ಬೆಲೆಯನ್ನು ಇದಕ್ಕಿಂತ ನೇರವಾಗಿ ಕೇಳಿದ ಚಿತ್ರ ಆ ಸರಣಿಯಲ್ಲಿಲ್ಲ. ವಿಮರ್ಶಕರು ಮೆಚ್ಚಿದರು, ಅಭಿಮಾನಿಗಳು ಎರಡು ಹೋಳಾದರು. ನಲವತ್ತು ವರ್ಷ ಮನಸ್ಸಿನಲ್ಲಿಟ್ಟು ಪೋಷಿಸಿದ ನಾಯಕನನ್ನು ಪ್ರಶ್ನಿಸುವುದು ಮೂರು ವರ್ಷದ ಹಿಂದಿನವನನ್ನು ಪ್ರಶ್ನಿಸಿದಷ್ಟು ಸುಲಭವಲ್ಲ ಎಂಬ ಸಮಾಧಾನ ಹೇಳಬಹುದು. 'ಎಂಪೈರ್' ಚಿತ್ರವೂ ಆರಂಭದಲ್ಲಿ ಒಮ್ಮತ ಪಡೆದಿರಲಿಲ್ಲ ಎಂದೂ ನೆನಪಿಸಬಹುದು. ಚಿತ್ರ ಬಾಳುತ್ತದೆ ಎಂಬುದು ನನ್ನ ನಂಬಿಕೆ, ಅದಕ್ಕೆ ಸಾಕ್ಷಿ ಒದಗಿಸುವಷ್ಟು ಕಾಲ ಇನ್ನೂ ಕಳೆದಿಲ್ಲ.

'ಅವತಾರ್' ಬಗ್ಗೆ ಒಂದು ಮಾತು. ಅದರ ಎರಡನೇ ಭಾಗ ಸತ್ತ ಖಳನನ್ನು ಹೊಸ ದೇಹದಲ್ಲಿ ಎಬ್ಬಿಸಿ, ಸುಮಾರಾಗಿ ಹಳೆಯ ಸಂಘರ್ಷವನ್ನೇ ಸಮುದ್ರದ ದಂಡೆಗೆ ಒಯ್ಯುತ್ತದೆ. ಗಳಿಕೆಗೆ ಗಾತ್ರದ ವಾದ ಸಾಕು ಎಂಬುದಕ್ಕೆ ಅದೇ ಪ್ರಮಾಣ. ಅದನ್ನು ಅಲ್ಲಗಳೆಯಬೇಕಿಲ್ಲ.

ಇತ್ಯರ್ಥವಾಗದೆ ಉಳಿದವು

ಒಂದೇ ಕಥೆಯನ್ನು ಎರಡಾಗಿ ಸೀಳಿ ತೆಗೆದದ್ದನ್ನು ಮುಂದುವರಿದ ಭಾಗ ಎನ್ನಬಹುದೇ ಎಂಬುದು ಬಗೆಹರಿಯದ ಪ್ರಶ್ನೆಗಳಲ್ಲಿ ಮೊದಲನೆಯದು. 'ಡ್ಯೂನ್' ಒಂದೇ ಕಾದಂಬರಿಯ ಎರಡು ಅರ್ಧಗಳು. 'ಕಲ್ಕಿ 2898 ಎಡಿ' (2024) ಕಥೆಯ ನಡುವೆಯೇ ನಿಂತಿದೆ. ವಿಜ್ಞಾನ ಕಥೆಯಲ್ಲದಿದ್ದರೂ 'ಬಾಹುಬಲಿ' (2015, 2017), 'ಕೆಜಿಎಫ್' (2018, 2022) ಈ ವಿನ್ಯಾಸವನ್ನು ಭಾರತದಲ್ಲಿ ಗಟ್ಟಿಗೊಳಿಸಿದವು. ಇಲ್ಲಿ ಮೊದಲ ಭಾಗ ಗೆಲುವನ್ನೇ ಕಟ್ಟಿಕೊಡುವುದಿಲ್ಲ, ಕೌತುಕವನ್ನು ಉಳಿಸಿ ನಿಲ್ಲುತ್ತದೆ. ಎರಡನೆಯದು ಪ್ರಶ್ನಿಸಬೇಕಾದ ಗೆಲುವು ಇನ್ನೂ ಹುಟ್ಟಿಲ್ಲದಿರುವಾಗ ಇಲ್ಲಿನ ವಾದ ಎಷ್ಟು ದೂರ ನಡೆದೀತು? 'ಡ್ಯೂನ್' ಅದನ್ನು ಒಂದೇ ಚಿತ್ರದೊಳಗೆ ಮಾಡಿತು, ಬೇರೆಯವರೂ ಮಾಡಬಲ್ಲರೇ ಎಂಬುದು ತಿಳಿಯದು.

ಕಾಲದ ಅಂತರದ ಬಗ್ಗೆಯೂ ಒಪ್ಪಿಗೆಯಿಲ್ಲ. ಏಳು ವರ್ಷ 'ಟರ್ಮಿನೇಟರ್ 2'ಕ್ಕೆ, ಹದಿಮೂರು 'ಅವತಾರ್'ಗೆ ಅಡ್ಡಿಯಾಗಲಿಲ್ಲ. ಮೂವತ್ತೈದು 'ಬ್ಲೇಡ್ ರನ್ನರ್'ಗೆ, ಇಪ್ಪತ್ತು 'ಇಂಡಿಪೆಂಡೆನ್ಸ್ ಡೇ'ಗೆ ಅಡ್ಡಿಯಾದಂತಿದೆ. ಮನೆಯಲ್ಲೇ ಹಿಂದಿನ ಚಿತ್ರವನ್ನು ಯಾವಾಗ ಬೇಕಾದರೂ ನೋಡಬಹುದಾದ ಈಗಿನ ದಿನಗಳಲ್ಲಿ ನೆನಪಿನ ಲೆಕ್ಕವೇ ಬದಲಾಗಿರಬಹುದು.

ಎಲ್ಲಕ್ಕಿಂತ ತೊಡಕಿನದು ಮೂರನೇ ಭಾಗ. ಬೆಲೆ ತೆತ್ತ ಮೇಲೆ ಮತ್ತೇನು? ಈ ಹಂತದಲ್ಲಿ ಎಡವಿದ ಸರಣಿಗಳೇ ಹೆಚ್ಚು. ಫ್ರಾಂಕ್ ಹರ್ಬರ್ಟ್ ಅವರ 'ಡ್ಯೂನ್' ಕಾದಂಬರಿಯನ್ನು ತಮ್ಮ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟಿಸಿದ್ದ ಸಂಪಾದಕ ಜಾನ್ ಡಬ್ಲ್ಯೂ. ಕ್ಯಾಂಪ್‌ಬೆಲ್ ಅದರ ಮುಂದುವರಿಕೆ 'ಡ್ಯೂನ್ ಮೆಸ್ಸಾಯ'ವನ್ನು ನಿರಾಕರಿಸಿದರು. ನಾಯಕ ಸೋಲುವ ಕಥೆ ಅವರಿಗೆ ಬೇಕಿರಲಿಲ್ಲ. ಅದು 1969ರಲ್ಲಿ ಬೇರೆ ಪತ್ರಿಕೆಯಲ್ಲಿ ಬಂತು. ಪೌಲನ ಹೆಸರಿನಲ್ಲಿ ನಡೆದ ಧರ್ಮಯುದ್ಧದಲ್ಲಿ 6,100 ಕೋಟಿ ಜನ ಸತ್ತರೆಂದು ಅದರಲ್ಲಿ ಪೌಲನೇ ಲೆಕ್ಕ ಹೇಳುತ್ತಾನೆ. ವಿಲ್ನವ್ ತಮ್ಮ ಮೂರನೇ 'ಡ್ಯೂನ್' ಚಿತ್ರಕ್ಕೆ ಆಧಾರವಾಗಿ ಆರಿಸಿಕೊಂಡಿರುವುದು ಈ ಕಾದಂಬರಿಯನ್ನೇ. ಹುಳುವಿನ ಸವಾರಿಗೆ ಚಪ್ಪಾಳೆ ತಟ್ಟಿದ ಪ್ರೇಕ್ಷಕರು ಆ ಲೆಕ್ಕವನ್ನು ಕೂತು ಕೇಳುತ್ತಾರೆಯೇ, ಅಥವಾ ಕ್ಯಾಂಪ್‌ಬೆಲ್ ಅವರ ಹಾದಿ ಹಿಡಿಯುತ್ತಾರೆಯೇ ಎಂಬುದನ್ನು ಈಗಲೇ ಹೇಳಲಾಗದು.